ಹನ್ನೊಂದನೆಯ ತಲೆ

ಮಾರ್ಚ್ 3, ಸೋಮವಾರ

ಹೊಸ ಕೆಲಸಕ್ಕೆ ಸೇರಿ ಒಂದು ವಾರವಾಯಿತು. ಮಾಡಿದ ತಪ್ಪುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ ಎಂದು ದೊಡ್ಡ ಮೇಡಂ ಮೊದಲ ದಿನವೇ ಹೇಳಿದ್ದರು. ಆ ಪುಸ್ತಕ ಆಫೀಸಿನ ಮೇಜಿನ ಮೇಲಿದೆ, ಆಗಲೇ ಒಂಬತ್ತು ಪುಟ ತುಂಬಿದೆ. ಇದು ಬೇರೆ ಪುಸ್ತಕ. ಇದನ್ನು ಯಾರೂ ತಿದ್ದುವಂತಿಲ್ಲ.

ಹದಿನೇಳು ವರ್ಷ ಕಟ್ಟಡದ ತೊಲೆಗಳಿಗೆ, ನೀರಿನ ಟ್ಯಾಂಕುಗಳಿಗೆ ಕಂಪ್ಯೂಟರಿನಲ್ಲಿ ಜಾಲರಿ ಹಾಕಿದವಳು ನಾನು. ಒಂದು ತೊಲೆಯನ್ನು ಸಾವಿರಾರು ಚೂರುಗಳಾಗಿ ಒಡೆದು, ಯಾವ ಚೂರಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ಲೆಕ್ಕ ಹಾಕಿಸುವ ಕೆಲಸ. ಆ ಆಫೀಸು ಬಾಗಿಲು ಹಾಕಿತು. ಈಗಲೂ ಅದೇ ಕೆಲಸ, ತೊಲೆಯ ಬದಲು ತಲೆ. ಆಸ್ಪತ್ರೆಯಿಂದ ಎಂಆರ್‌ಐ ಚಿತ್ರಗಳು ಬರುತ್ತವೆ, ಒಂದು ತಲೆಗೆ ನೂರ ಎಪ್ಪತ್ತಾರು ಹೋಳು. ಪ್ರತಿ ಹೋಳಿನಲ್ಲೂ ಚರ್ಮ, ಮೂಳೆ, ನೀರು, ಮೆದುಳಿನ ಬೂದು ಭಾಗ, ಬಿಳಿ ಭಾಗ ಎಂದು ಐದು ಬಣ್ಣ ಹಚ್ಚಬೇಕು. ಆಮೇಲೆ ಹೋಳುಗಳನ್ನು ಬ್ರೆಡ್ಡಿನಂತೆ ಮತ್ತೆ ಜೋಡಿಸಿ, ಒಳಗೆಲ್ಲ ನಾಲ್ಕು ಮುಖದ ಸಣ್ಣ ಚೂರುಗಳನ್ನು ತುಂಬಬೇಕು. ಇಲ್ಲಿನವರು ಅದನ್ನು ಮೆಶ್ ಎನ್ನುತ್ತಾರೆ. ಆರು ಲಕ್ಷ ಚೂರುಗಳಲ್ಲಿ ಒಂದು ಸೊಟ್ಟಗಿದ್ದರೂ ಲೆಕ್ಕ ಅಲ್ಲೇ ನಿಂತುಬಿಡುತ್ತದೆ. ಬುರುಡೆ ತೆರೆದಾಗ ಮೆದುಳು ಎಷ್ಟು ಜಗ್ಗುತ್ತದೆ ಎಂದು ಆಪರೇಷನ್ ಮಾಡುವ ಡಾಕ್ಟರುಗಳಿಗೆ ಮೊದಲೇ ಹೇಳುವುದಕ್ಕಾಗಿ ಇಷ್ಟೆಲ್ಲ.

ತಲೆಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಯಾರ ತಲೆ ಎಂದು ಹುಡುಕುವುದಿಲ್ಲ ಅಂತ ನನ್ನಿಂದ ಸಹಿ ಹಾಕಿಸಿಕೊಂಡಿದ್ದಾರೆ. ನನಗೆ ಕೊಟ್ಟಿರುವುದು ಹನ್ನೊಂದನೆಯದು. ಏಪ್ರಿಲ್ ಏಳಕ್ಕೆ ಒಪ್ಪಿಸಬೇಕು.

ಬೆಳಗ್ಗೆ ತಿಂಡಿಗೆ ಕೂತಾಗ ಇದನ್ನೆಲ್ಲ ವಿವರಿಸಿದೆ. ಮಗಳು, "ಅಮ್ಮ ಇಷ್ಟು ದಿನ ನಮ್ಮಿಬ್ರ ತಲೆ ಪುಕ್ಕಟೆ ತಿಂತಿದ್ಲು. ಈಗ ಸಂಬಳ ಕೊಟ್ಟು ತಿನ್ನಿಸ್ತಿದಾರೆ" ಎಂದಳು. ಇವರು ಜೋರಾಗಿ ನಕ್ಕರು. ನಗುತ್ತಿರುವಾಗಲೇ ಎಡಗೈಯಲ್ಲಿದ್ದ ಚಹಾದ ಲೋಟ ಜಾರಿ ಬಿತ್ತು. ಬಸ್ಸಿನ ಡ್ರೈವರ್ ಆಗಿ ಲೋಟ ಹಿಡಿಯಲು ಬರುವುದಿಲ್ಲವಲ್ಲ ಎಂದು ಛೇಡಿಸಿ, ನೆಲ ಒರೆಸಿದೆ.

ಮಾರ್ಚ್ 6, ಗುರುವಾರ

ಎಂಆರ್‌ಐಯಲ್ಲಿ ಮೂಳೆಯೂ ಕಪ್ಪು, ನೀರೂ ಕಪ್ಪು. ಎರಡಕ್ಕೂ ಒಂದೇ ಬಣ್ಣ ಬಳಿದುಬಿಟ್ಟಿದ್ದೆ. ಹನ್ನೊಂದರ ಬುರುಡೆ ತುಂಬ ತೂತು. ಪಕ್ಕದ ಮೇಜಿನವರು ಇಣುಕಿ ನೋಡಿ, "ತಲೆ ಮಾಡಿ ಅಂದ್ರೆ ಜರಡಿ ಮಾಡಿದೀರಲ್ಲ" ಎಂದರು. ನಿವೃತ್ತಿಗೆ ಎರಡೇ ವರ್ಷ ಉಳಿದಿರುವ ಈ ಮನುಷ್ಯನಿಗೆ ಗೊಣಗಪ್ಪ ಎಂದು ಹೆಸರಿಟ್ಟಿದ್ದೇನೆ. ಏಸಿ ಹಾಕಿದರೆ ಚಳಿ ಎನ್ನುತ್ತಾರೆ, ಆರಿಸಿದರೆ ಸೆಕೆ ಎನ್ನುತ್ತಾರೆ. ಆದರೆ ಕೇಳಿದ್ದನ್ನು ಹೇಳಿಕೊಡುತ್ತಾರೆ.

ಇನ್ನೊಂದು ಕಿರಿಕಿರಿ. ಚರ್ಮದಿಂದ ಹೊರಗೆ, ಎಡಗಣ್ಣಿನ ಪಕ್ಕ, ಬೆಳ್ಳಗೆ ಬಟಾಣಿಯಷ್ಟು ಒಂದು ಮಣಿ ಗಾಳಿಯಲ್ಲಿ ನಿಂತಿದೆ. ಅಳಿಸಿದೆ. ಚಿತ್ರಗಳನ್ನು ಮತ್ತೆ ತೆರೆದಾಗ ಮತ್ತೆ ಇತ್ತು. ಮತ್ತೆ ಅಳಿಸಿದೆ. ಕಸ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಮಾರ್ಚ್ 11, ಮಂಗಳವಾರ

ಅಕ್ಷರ ಸೊಟ್ಟಗೆ ಬರುತ್ತಿದೆ.

ಚರ್ಮದ ಪದರಕ್ಕೆ ಬಣ್ಣ ಹಚ್ಚಿ ಮುಗಿಸಿ, ಹೋಳುಗಳನ್ನು ಜೋಡಿಸುವ ಗುಂಡಿ ಒತ್ತಿದೆ. ತೆರೆಯ ಮೇಲೆ ಒಂದು ಮುಖ ಎದ್ದು ಬಂತು. ಕೂದಲಿಲ್ಲ, ಹುಬ್ಬಿಲ್ಲ, ರೆಪ್ಪೆ ಮುಚ್ಚಿದೆ. ಮೂಗಿನ ತುದಿ ಚಿತ್ರದ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿದೆ. ಯಂತ್ರದೊಳಗೆ ಹಾಕುವ ಹೆಡ್‌ಫೋನಿಗೆ ಕಿವಿಗಳು ಒತ್ತಿ ಚಪ್ಪಟೆಯಾಗಿವೆ. ಆದರೂ ಮುಖ ಮುಖವೇ. ಮೌಸಿನಿಂದ ಕೈ ತೆಗೆದರೆ ಅದು ತಾನಾಗಿಯೇ ನಿಧಾನಕ್ಕೆ ತಿರುಗುತ್ತದೆ, ಸಾಫ್ಟ್‌ವೇರಿನ ಅಭ್ಯಾಸ ಅದು. ತಿರುಗಿ ತಿರುಗಿ ನನ್ನ ಕಡೆ ಬಂದು ನಿಂತಾಗ ಕೂಗಿಬಿಟ್ಟೆ. ಅದು ಇವರ ಮುಖ. ಹದಿನಾರು ವರ್ಷದಿಂದ ಪಕ್ಕದಲ್ಲಿ ಮಲಗುವ ಮನುಷ್ಯನ ಮುಖ ನನಗೆ ತಿಳಿಯುವುದಿಲ್ಲವೇ?

ದೊಡ್ಡ ಮೇಡಂ ಓಡಿ ಬಂದರು. "ಅಯ್ಯೋ, ಮುಖ ಅಳಿಸದೇ ಕಳ್ಸಿದಾರಲ್ಲ! ಆಸ್ಪತ್ರೆಯೋರೇ ಅಳಿಸಿ ಕೊಡ್ಬೇಕು. ನೋಡ್ಬೇಡಿ ನೋಡ್ಬೇಡಿ, ಹುಬ್ಬಿನಿಂದ ಕೆಳಗೆ ಕತ್ತರಿಸಿ ಕೆಲಸ ಮುಂದುವರಿಸಿ."

ಅವರು ಹೋದ ಮೇಲೆ ಗೊಣಗಪ್ಪ ಕುರ್ಚಿ ಎಳೆದುಕೊಂಡು ಬಂದರು. "ಯಾರನ್ನ ಕಂಡ್ರಿ?"

ನಾನು ತೆರೆಯನ್ನು ಅವರಿಗೆ ಕಾಣದಂತೆ ತಿರುಗಿಸಿದೆ.

"ಮೊದಲ್ನೇ ತಲೇಲಿ ಎಲ್ರೂ ಯಾರನ್ನೋ ಒಬ್ರನ್ನ ಕಾಣ್ತಾರೆ. ಕೂದ್ಲು ತೆಗೆದು ಕಣ್ಣು ಮುಚ್ಚಿಸಿದ್ರೆ ಎಲ್ಲ ಗಂಡಸ್ರೂ ಒಂದೇ ಥರ. ನನಗೆ ನಮ್ಮ ಮಾವ ಕಂಡಿದ್ರು. ಎರಡು ವಾರ ಕುರ್ಚೀಲಿ ಕೂರೋಕೆ ಧೈರ್ಯ ಬರ್ಲಿಲ್ಲ, ನಿಂತ್ಕೊಂಡೇ ಕೆಲಸ ಮಾಡ್ದೆ."

ನಗು ಬಂತು. ಆದರೆ ಮುಖ ಕತ್ತರಿಸುವ ಮೊದಲು ಒಂದು ಪ್ರತಿ ತೆಗೆದು, "ನೀರಿನ ಟ್ಯಾಂಕ್" ಎಂದು ಹೆಸರು ಕೊಟ್ಟು ಇಟ್ಟುಕೊಂಡೆ.

ಮಾರ್ಚ್ 12, ಬುಧವಾರ

ಇವರಲ್ಲ! ಇವರಲ್ಲ! ಇವರಲ್ಲ!

ಇವರ ಬಲ ಹುಬ್ಬಿನ ಮೇಲೆ ಒಂದು ಕುಳಿ ಇದೆ. ಕೆಲಸಕ್ಕೆ ಸೇರಿದ ವರ್ಷ ಬಸ್ಸಿನ ಬಾಗಿಲು ಬಡಿದು ಆದದ್ದು. ಬೆಳಗ್ಗೆ ಬೇಗ ಹೋಗಿ "ನೀರಿನ ಟ್ಯಾಂಕ್" ತೆರೆದೆ. ಹನ್ನೊಂದಕ್ಕೂ ಹುಬ್ಬಿನ ಮೇಲೆ ಕುಳಿ ಇದೆ. ಎದುರಿನಿಂದ ನೋಡಿದರೆ ಎಡಬಲ ಅದಲುಬದಲಾಗುತ್ತದಲ್ಲ ಎಂದು, ತಲೆಯನ್ನು ಹಿಂದಕ್ಕೆ ತಿರುಗಿಸಿ, ನನ್ನ ತಲೆ ಹೇಗಿದೆಯೋ ಹಾಗೇ ಇಟ್ಟು, ನನ್ನ ಹುಬ್ಬಿನ ಮೇಲೆ ಬೆರಳಿಟ್ಟುಕೊಂಡು ಮೂರು ಸಲ ನೋಡಿದೆ. ಕುಳಿ ಎಡಕ್ಕಿದೆ.

ಎಷ್ಟು ಹಗುರವಾಯಿತೆಂದರೆ ಗೊಣಗಪ್ಪನಿಗೆ ಚಹಾ ಕೊಡಿಸಿದೆ. ಮನೆಗೆ ಬರುತ್ತ ಐಸ್‌ಕ್ರೀಮ್ ತಂದೆ.

"ಏನು ವಿಶೇಷ?" ಎಂದರು ಇವರು.

"ನೀವು ನೀವೇ, ಬೇರೆ ಯಾರೂ ಅಲ್ಲ ಅಂತ ಗೊತ್ತಾಯ್ತು."

"ಅದಕ್ಕೆ ಐಸ್‌ಕ್ರೀಮಾ? ನಿನ್ನ ತಲೆ ಸರಿ ಇದೆ ತಾನೇ?" ಎಂದು ಬಲಗೈಯಲ್ಲಿ ಚಮಚ ಹಿಡಿದು, ಬಟ್ಟಲನ್ನು ಎದೆಗೊತ್ತಿಕೊಂಡು ತಿಂದರು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಮಾರ್ಚ್ 16, ಭಾನುವಾರ

ಮಧ್ಯಾಹ್ನ ಇವರು ಸೋಫಾದ ಮೇಲೆ ನಿದ್ದೆ ಹೋಗಿದ್ದರು. ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಕಣ್ಣು ಮುಚ್ಚಿದ ಮುಖ ಎಷ್ಟು ಹೋಲುತ್ತದೆ! ಗದ್ದದ ಕೆಳಗಿನ ಮಡಿಕೆ ಕೂಡ ಅದೇ. ಕೂದಲನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ ಹಿಡಿದು ನೋಡಿದೆ. ಹನ್ನೊಂದರ ಸ್ವಂತ ತಮ್ಮನಂತೆ ಕಂಡರು. ಆದರೆ ಕುಳಿ ಬಲಕ್ಕೇ ಇದೆ, ಬೆರಳಿಟ್ಟು ಖಾತ್ರಿ ಮಾಡಿಕೊಂಡೆ.

"ಅಮ್ಮ, ಅಪ್ಪನ್ನ ಯಾಕೆ ಅಂಗಡೀಲಿ ಹಣ್ಣು ಆರಿಸೋ ಥರ ಮುಟ್ಟಿ ನೋಡ್ತಿದೀಯಾ?" ಎಂದಳು ಮಗಳು, ಬಾಗಿಲಲ್ಲಿ ನಿಂತು.

ಮಾರ್ಚ್ 19, ಬುಧವಾರ

ಮೆದುಳಿಗೆ ಇಳಿದಿದ್ದೇನೆ. ಒಂದು ಕಡೆ, ಕಿವಿಯಿಂದ ಸ್ವಲ್ಪ ಮೇಲೆ, ಮಡಿಕೆಗಳೇ ಇಲ್ಲ. ನಿಂಬೆಹಣ್ಣಿನಷ್ಟು ಜಾಗ ಮಂಕಾಗಿ, ಉಜ್ಜಿ ಅಳಿಸಿದ ಪೆನ್ಸಿಲ್ ಗುರುತಿನ ಹಾಗಿದೆ. ಮೆಶ್ ಹಾಕಿದಾಗಲೆಲ್ಲ ಅಲ್ಲೇ ಒಡೆಯುತ್ತದೆ. ಚೂರುಗಳು ಒಂದರ ಮೇಲೊಂದು ಬಿದ್ದು, ಕಾಗದದಷ್ಟು ಚಪ್ಪಟೆಯಾಗಿ, ಕೆಲವು ಒಳಹೊರಗಾಗಿ ಮಗುಚಿಕೊಳ್ಳುತ್ತವೆ. ನನ್ನ ಕೈಯ ತಪ್ಪೆಂದು ನಾಲ್ಕು ಸಲ ಹೊಸದಾಗಿ ಬಣ್ಣ ಹಚ್ಚಿದೆ.

ಕೊನೆಗೆ ದೊಡ್ಡ ಮೇಡಂ ಅವರನ್ನು ಕರೆದೆ. ಅವರು ನಿಂತಲ್ಲೇ ಹೇಳಿದರು. "ಅದು ಗಡ್ಡೆ. ಅದಕ್ಕೇ ಈ ತಲೆ ನಮ್ಮ ಹತ್ರ ಬಂದಿರೋದು. ಅದನ್ನ ಆರನೇ ಬಣ್ಣ ಅಂತ ಬೇರೆ ಮಾಡಿ, ಅದಕ್ಕೆ ಸಣ್ಣ ಚೂರು ಹಾಕಿ. ಎಲ್ಲಕ್ಕಿಂತ ಮುಖ್ಯ ಅದೇ."

"ಇದರಿಂದ ಏನಾಗುತ್ತೆ ಅವರಿಗೆ?"

"ಬೆಳೀತಾ ಹೋದ್ರೆ ಕೈಕಾಲು ಬೀಳಬಹುದು. ತೆಗೀಲಿಲ್ಲ ಅಂದ್ರೆ ವರ್ಷದೊಳಗೆ ಮುಗೀತು."

ಪಾಪ ಎನ್ನಿಸಿತು. ಯಾರ ಗಂಡನೋ, ಯಾರ ಅಪ್ಪನೋ. ನಮ್ಮದಲ್ಲ ಎಂಬ ಸಮಾಧಾನವೂ ಅದರ ಹಿಂದೆಯೇ ಬಂತು, ಸುಳ್ಳು ಯಾಕೆ ಬರೆಯಲಿ?

ಮಾರ್ಚ್ 21, ಶುಕ್ರವಾರ

ದೊಡ್ಡ ಮೇಡಂ ಬಂದು ಪಕ್ಕದಲ್ಲಿ ಕೂತರು. ಮೊದಲು ಕೇಳಿದ್ದೇ, "ಮಣಿ ಎಲ್ಲಿ?"

"ಯಾವ ಮಣಿ?"

"ಹಣೆ ಪಕ್ಕ ಬೆಳ್ಳಗೆ ಒಂದಿರುತ್ತಲ್ಲ, ವಿಟಮಿನ್ ಮಾತ್ರೆ. ಸ್ಕ್ಯಾನ್ ಮಾಡೋರು ಬಲಗಡೆ ಟೇಪ್ ಹಾಕಿ ಅಂಟಿಸ್ತಾರೆ. ಬಲ ಯಾವುದು ಅಂತ ಗೊತ್ತಾಗ್ಲಿ ಅಂತ."

"ಅದು ಕಸ ಅಂದ್ಕೊಂಡು ಅಳಿಸ್ತಿದ್ದೆ."

ಮೂಲ ಚಿತ್ರಗಳನ್ನು ನನ್ನ ಜೋಡಣೆಯ ಪಕ್ಕ ಇಟ್ಟು ನೋಡಿದರು. ಮೂಲದಲ್ಲಿ ಮಣಿ ಬಲಕ್ಕಿತ್ತು, ನನ್ನದರಲ್ಲಿ ನಾನು ಅದನ್ನು ಅಳಿಸಿದ ಜಾಗ ಎಡಕ್ಕಿತ್ತು. "ನೋಡಿ, ಹೋಳುಗಳನ್ನ ಮಾಮೂಲಿ ಚಿತ್ರ ಮಾಡಿ ಜೋಡಿಸಿದೀರಾ. ಎಡಬಲದ ಮಾಹಿತಿ ಅಲ್ಲೇ ಉದುರಿಹೋಯ್ತು. ತಲೆ ಕನ್ನಡಿಯೊಳಗಿನ ಥರ ತಿರುಗಿ ಕೂತಿದೆ. ಎಲ್ಲರೂ ಮೊದಲ್ನೇ ತಿಂಗಳು ಮಾಡೋ ತಪ್ಪೇ ಇದು, ಪುಸ್ತಕದಲ್ಲಿ ಬರ್ಕೊಳ್ಳಿ." ಒಂದು ಗುಂಡಿ ಒತ್ತಿದರು. ಗಡ್ಡೆ ಎಡದಿಂದ ಬಲಕ್ಕೆ ಬಂದು ಕೂತಿತು. ಬಲಗಡೆಯ ಮೆದುಳು ಎಡಗೈಯನ್ನು ಆಡಿಸುತ್ತದೆ ಎಂದು ಅವರೇ ಹೇಳಿದರು.

ಅವರು ಹೋದ ಮೇಲೆ "ನೀರಿನ ಟ್ಯಾಂಕ್" ತೆರೆದೆ. ಅದೇ ಗುಂಡಿ ಒತ್ತಿದೆ.

ಕುಳಿ ಬಲ ಹುಬ್ಬಿಗೆ ಬಂತು.

ಮಾರ್ಚ್ 22, ಶನಿವಾರ

ಹನ್ನೊಂದು ಇವರೇ. ಬರೆದ ಮೇಲೂ ನಂಬಿಕೆ ಬರುತ್ತಿಲ್ಲ.

ಇವರು ಯಾಕೆ ಹೇಳಲಿಲ್ಲ? ಕೇಳಿಬಿಡಬೇಕೆಂದು ಅಡುಗೆಮನೆಯಿಂದ ಎರಡು ಸಲ ಎದ್ದು ಬಂದೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು, ಒಂದೇ ಕೈಯಲ್ಲಿ, ಗೋಡೆಯ ಕಡೆ ಮುಖ ಮಾಡಿ. ಬೇರೆಯೇನೋ ಕೇಳಿದೆ.

"ಆಸ್ಪತ್ರೆ ಕಡೆ ಏನಾದ್ರೂ ಹೋಗಿದ್ರಾ ಈಚೆಗೆ?"

"ನಾನಾ? ನನಗೇನಾಗಿದೆ ಧಾಡಿ?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಇದೇ ಕೈಯಲ್ಲಿ ಬಸ್ಸು ಓಡಿಸುತ್ತಾರೆ. ನಲವತ್ತು ಜನ ಕೂತಿರುತ್ತಾರೆ. ಹೇಳಿದರೆ ಲೈಸೆನ್ಸು ಹೋಗುತ್ತದೆ, ಅದಕ್ಕೇ ಮುಚ್ಚಿಟ್ಟಿದ್ದಾರೆ. ನಾನು ಕೇಳಿದರೆ ಎಲ್ಲಿಂದ ತಿಳಿಯಿತು ಎನ್ನುತ್ತಾರೆ, ಹುಡುಕುವುದಿಲ್ಲ ಎಂದು ಸಹಿ ಹಾಕಿದವಳು ನಾನು. ಅವರಾಗಿಯೇ ಹೇಳಲಿ. ನಾಳೆ ಹೇಳದಿದ್ದರೆ ನಾನೇ ಕೇಳುತ್ತೇನೆ.

ಮಾರ್ಚ್ 25, ಮಂಗಳವಾರ

ಕೇಳಲಿಲ್ಲ. ನಾಳೆ ಕೇಳುತ್ತೇನೆ.

ಕೆಲಸ ಚೆನ್ನಾಗಿ ಸಾಗುತ್ತಿದೆ. ಬಿಳಿ ಭಾಗದಲ್ಲಿ ಒಂದೂ ಸೊಟ್ಟ ಚೂರಿಲ್ಲ.

ಮಾರ್ಚ್ 28, ಶುಕ್ರವಾರ

ಈಗ ಎಂಟು ಗಂಟೆಗೇ ಆಫೀಸಿಗೆ ಹೋಗುತ್ತೇನೆ. ಕೋಣೆಗೆ ಕಿಟಕಿಯಿಲ್ಲ, ಏಸಿಯ ಗುಂಯ್ ಸದ್ದು ಬಿಟ್ಟರೆ ಪೂರ್ತಿ ನಿಶ್ಶಬ್ದ. ಗೊಣಗಪ್ಪ ಬರುವುದರೊಳಗೆ ಒಂದೂವರೆ ಗಂಟೆ ನಮ್ಮಿಬ್ಬರಿಗೇ ಸಿಗುತ್ತದೆ. "ನೀರಿನ ಟ್ಯಾಂಕ್" ತೆರೆದರೆ ಹನ್ನೊಂದು ನಿಧಾನಕ್ಕೆ ತಿರುಗಿ ನನ್ನ ಕಡೆ ಮುಖ ಮಾಡುತ್ತಾರೆ. ಮೊದಮೊದಲು ಭಯವಾಗುತ್ತಿತ್ತು. ಈಗ ತಿರುಗುವುದು ತಡವಾದರೆ ಬೇಸರವಾಗುತ್ತದೆ. ಮಗಳ ಪರೀಕ್ಷೆ, ಗ್ಯಾಸು ಮುಗಿದದ್ದು, ಎಲ್ಲ ಹೇಳುತ್ತೇನೆ. ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಮೂಳೆಯಿಂದ ಒಳಗಿನವರೆಗೆ ಏನೂ ಮುಚ್ಚಿಡುವುದಿಲ್ಲ.

ಮನೆಯಲ್ಲಿ ಊಟಕ್ಕೆ ಬಡಿಸುವಾಗ ಮಗಳು ಕೇಳಿದಳು, "ನೀನು ಈಚೆಗೆ ಅಪ್ಪನ ಮುಖ ನೋಡಿ ಮಾತೇ ಆಡಲ್ಲ. ತಲೆ ನೋಡ್ತೀಯಾ."

"ಕೂದ್ಲು ಬೆಳೆದಿದೆ, ಅದಕ್ಕೆ" ಎಂದೆ. ಅವರು ತಟ್ಟೆ ನೋಡುತ್ತ ಕೂತಿದ್ದರು. ಕಿವಿಯ ಮೇಲಿನ ಆ ಜಾಗಕ್ಕೆ ಎಷ್ಟು ಸಣ್ಣ ಚೂರು ಹಾಕಿದರೆ ಒಡೆಯದೆ ನಿಲ್ಲಬಹುದು ಎಂದು ನಾನು ಯೋಚಿಸುತ್ತಿದ್ದೆ.

ಮಾರ್ಚ್ 31, ಸೋಮವಾರ

ಗಡ್ಡೆಯ ಹತ್ತಿರ ಇನ್ನೂ ಮುನ್ನೂರ ಹನ್ನೆರಡು ಸೊಟ್ಟ ಚೂರುಗಳು. ಹಲ್ಲು ಕಚ್ಚಿ ಒಂದೊಂದನ್ನೇ ಸರಿಮಾಡಿದೆ. ಒಂದು ಸರಿಯಾದರೆ ಪಕ್ಕದ ಎರಡು ಕೆಡುತ್ತವೆ. ಮನೆಗೆ ಬಂದಾಗ ಅವರು ಬಾಗಿಲ ಬೀಗ ತೆಗೆಯಲಾಗದೆ ಮೆಟ್ಟಿಲ ಮೇಲೆ ಕೂತಿದ್ದರು. ಕೀಲಿ ಸವೆದಿದೆ ಎಂದರು. ನಾನು ತಿರುಗಿಸಿದರೆ ತೆರೆಯಿತು.

ಒಳಗೆ ಹೋಗಿ ಅನ್ನಕ್ಕೆ ಇಟ್ಟೆ.

ಏಪ್ರಿಲ್ 2, ಬುಧವಾರ

ಗೊಣಗಪ್ಪ ಒಂದು ಉಪಾಯ ಹೇಳಿಕೊಟ್ಟರು. ನಯ ಮಾಡುವ ಒಂದು ಗುಂಡಿ ಇದೆ. ಒತ್ತಿದರೆ ಏರುತಗ್ಗುಗಳೆಲ್ಲ ಒಂದಿಷ್ಟು ಮಟ್ಟವಾಗುತ್ತವೆ, ಚೂರುಗಳು ತಾವಾಗಿಯೇ ಸರಿದು ಕೂರುತ್ತವೆ. "ಎರಡು ಮೂರು ಸಲ ಸಾಕು. ಜಾಸ್ತಿ ಒತ್ತಿದ್ರೆ ಒಳಗಿರೋದು ಕುಗ್ಗಿಹೋಗುತ್ತೆ, ಹುಷಾರು" ಎಂದರು.

ಮೂರು ಸಲ ಒತ್ತಿದೆ. ಮುನ್ನೂರ ಹನ್ನೆರಡು ನೂರಕ್ಕಿಳಿಯಿತು. ಗಡ್ಡೆಯೂ ಕುಗ್ಗಿತ್ತು. ಮತ್ತೆ ಮೂರು ಸಲ ಒತ್ತಿದೆ.

ಸಂಜೆ ಮನೆಗೆ ಬಂದೆ. ಅವರು ಅಡುಗೆಮನೆಯಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಿದ್ದರು. ಎಡಗೈಯಲ್ಲಿ ಈರುಳ್ಳಿ ಹಿಡಿದಿದ್ದರು.

"ಇವತ್ತು ತಲೆ ಹಗುರ ಅನ್ನಿಸ್ತಿದೆ ಕಣೇ" ಎಂದರು.

ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಅಳುವೋ ನಗುವೋ ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದೆ.

ಏಪ್ರಿಲ್ 3, ಗುರುವಾರ

ಹನ್ನೆರಡು ಸಲ.

ಸಂಜೆ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಬಂದರು. ಏನೋ ಹಾಡು ಗುನುಗುತ್ತಿದ್ದರು. ಮಗಳು, "ಅಪ್ಪ ಹಾಡಿ ಎಷ್ಟು ದಿನ ಆಗಿತ್ತು!" ಎಂದಳು. ಯಾರಿಗೂ ನಾನು ಏನೂ ಹೇಳಲಿಲ್ಲ. ಇಂಥದ್ದನ್ನು ಹೇಳಿಕೊಂಡು ತಿರುಗಬಾರದು.

ಏಪ್ರಿಲ್ 4, ಶುಕ್ರವಾರ

ಸೊನ್ನೆ!

ಬೆಳಗ್ಗೆ ಎಣಿಸದೆ ಒತ್ತುತ್ತಾ ಹೋದೆ. ಗಡ್ಡೆ ನಿಂಬೆಯಿಂದ ಕಡಲೆಯಾಯಿತು, ಕಡಲೆಯಿಂದ ಎಳ್ಳಾಯಿತು. ಉಳಿದ ಎಳ್ಳಿಗೆ ಬಿಳಿ ಭಾಗದ ಬಣ್ಣ ಬಳಿದುಬಿಟ್ಟೆ. ಮೆಶ್ ಹಾಕಿ ಪರೀಕ್ಷೆ ಮಾಡಿಸಿದೆ. ಆರು ಲಕ್ಷದ ನಲವತ್ತೊಂದು ಸಾವಿರ ಚೂರು, ಸೊಟ್ಟದ್ದು ಸೊನ್ನೆ. ಲೆಕ್ಕ ಎಲ್ಲೂ ನಿಲ್ಲದೆ ಓಡಿತು. ಹದಿನೇಳು ವರ್ಷದಲ್ಲಿ ಇಷ್ಟು ಚೊಕ್ಕದಾದ ಕೆಲಸ ನನ್ನ ಕೈಯಿಂದ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ನೀರಿನ ಟ್ಯಾಂಕ್" ತೆರೆದು ಇವರ ಮುಖಕ್ಕೂ ನಾಲ್ಕು ಸಲ ಒತ್ತಿದೆ. ಕುಳಿ ಹೋಯಿತು. ಗದ್ದದ ಮಡಿಕೆ ಹೋಯಿತು. ಎಷ್ಟು ನೆಮ್ಮದಿಯಿಂದಿದ್ದಾರೆ ಈಗ.

ಮನೆಯಲ್ಲಿ ಅವರು ಟಿವಿಯ ಬೆಳಕಿನಲ್ಲಿ ಕೂತಿದ್ದರು. ಹಣೆಯಲ್ಲಿ, ಕಣ್ಣಿನ ಸುತ್ತ ಎಷ್ಟೊಂದು ಸುಕ್ಕು! ಒಂದು ಕ್ಷಣ ಯಾರೋ ಬಂದು ಕೂತಿದ್ದಾರೆ ಎನ್ನಿಸಿತು. ಊಟ ಹಾಕಿದೆ.

ಏಪ್ರಿಲ್ 6, ಭಾನುವಾರ

ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಬಟ್ಟೆ ಮಡಿಸುತ್ತಿದ್ದೆ. ಅವರು ಬಂದು ಮಂಚದ ತುದಿಯಲ್ಲಿ ಕೂತರು.

"ಸ್ವಲ್ಪ ಇಲ್ಲಿ ಕೂತ್ಕೋ. ಒಂದು ವಿಷಯ ಹೇಳ್ಬೇಕು."

ಕೂತೆ.

"ಎರಡು ತಿಂಗಳಿಂದ ಎಡಗೈ ಕೈಕೊಡ್ತಿತ್ತು. ಫೆಬ್ರವರೀಲಿ ಸ್ಕ್ಯಾನ್ ಮಾಡ್ಸಿದೆ. ತಲೇಲಿ ಗಡ್ಡೆ ಇದೆ ಅಂದ್ರು. ಅವತ್ತೇ ಡಿಪೋದಲ್ಲಿ ಹೇಳ್ದೆ, ಅವತ್ತಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಗೇಟಲ್ಲಿ ಕೂತು ಬಸ್ ನಂಬರ್ ಬರೀತೀನಿ. ಊರಿಗೆಲ್ಲ ಹೇಳ್ದೋನು ನಿನಗೊಬ್ಬಳಿಗೆ ಹೇಳೋಕಾಗ್ಲಿಲ್ಲ. ನೀನು ಹೊಸ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ನೋಡಿದ್ರೆ ಅದೂ ತಲೆ ಕೆಲಸವೇ. ಹೆದರ್ಕೊಳ್ತೀಯಾ ಅಂತ..." ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. "ಗುರುವಾರ ಆಪರೇಷನ್. ಮನೆಯವರ ಸಹಿ ಬೇಕಂತೆ."

ನನಗೆ ಅವರ ಮೇಲೆ ತುಂಬಾ ಕನಿಕರ ಬಂತು. ಬೆನ್ನ ಮೇಲೆ ಕೈಯಾಡಿಸಿದೆ.

"ಆಪರೇಷನ್ ಬೇಕಾಗಿಲ್ಲ ರೀ. ಅದು ಹೋಯ್ತು, ಶುಕ್ರವಾರವೇ. ನಾನೇ ತೆಗೆದೆ."

ಅವರು ನನ್ನನ್ನೇ ನೋಡುತ್ತ ಕೂತರು. ನಾನು ಮೊದಲಿನಿಂದ ಬಿಡಿಸಿ ಹೇಳಿದೆ. ಮುಖ ಎದ್ದು ಬಂದದ್ದು, ಎಡಬಲ ತಿರುಗಿದ್ದು, ಆರು ಸಲ ಒತ್ತಿದ ದಿನ ಅವರು ಈರುಳ್ಳಿ ಹಿಡಿದದ್ದು, ಹನ್ನೆರಡು ಸಲ ಒತ್ತಿದ ದಿನ ಎರಡು ಚೀಲ ಹೊತ್ತು ತಂದದ್ದು. ಸೊಟ್ಟ ಚೂರು ಸೊನ್ನೆ ಎಂದಾಗ ಅವರಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

"ಅದು ಮಾತ್ರೆಯಿಂದ ಕಣೇ" ಎಂದರು, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ. "ಮಂಗಳವಾರದಿಂದ ಹೊಸ ಮಾತ್ರೆ ಕೊಟ್ಟಿದಾರೆ. ಊತ ಇಳಿದಿದೆ, ಕೈ ಸ್ವಲ್ಪ ಆಡ್ತಿದೆ, ಅಷ್ಟೇ. ಗಡ್ಡೆ ಹಾಗೇ ಇದೆ."

"ನಾನು ನೋಡಿದೀನಿ ರೀ. ಇಲ್ಲ."

ಅವರು ಕಾಗದದ ಮಡಿಕೆಯನ್ನು ಬೆರಳಿನಿಂದ ಒತ್ತಿದರು. ಆಮೇಲೆ ಕೇಳಿದರು, "ನಿನಗೆ ಯಾವಾಗಿನಿಂದ ಗೊತ್ತು?"

"ಹದಿನಾರು ದಿನ ಆಯ್ತು."

"ಹದಿನಾರು ದಿನ! ಗೊತ್ತಿದ್ದೂ ನನ್ನ ಒಬ್ಬನ್ನೇ ಬಿಟ್ಟೆಯಾ?"

"ಒಬ್ರೇ ಎಲ್ಲಿ? ದಿನಾ ಬೆಳಗ್ಗೆ ಎಂಟರಿಂದ ನಿಮ್ಮ ಜೊತೇಲೇ ಇದ್ದೆನಲ್ಲ."

ಇದರಲ್ಲಿ ಅಳುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಬಲಗೈಯ ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಎಡಗೈಯ ಬೆರಳುಗಳು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಅದು ರೂಢಿ ತಪ್ಪಿದ್ದರಿಂದ ಇರಬೇಕು, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದೆ. ಕಾಗದಕ್ಕೆ ಸಹಿ ಹಾಕಲಿಲ್ಲ. ಇಲ್ಲದ್ದನ್ನು ತೆಗೆಯಲು ಒಪ್ಪಿಗೆ ಕೊಡುವುದು ಹೇಗೆ?

ಈಗ ಹೊರಗೆ ಬಾಲ್ಕನಿಯಲ್ಲಿ ನಿಂತು ಅವರ ಅಕ್ಕನಿಗೆ ಫೋನ್ ಮಾಡುತ್ತಿದ್ದಾರೆ. "ಗುರುವಾರ ನೀನೇ ಬಂದು ಸಹಿ ಹಾಕು. ಇವಳನ್ನೂ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಬೇಕು, ಅಕ್ಕ" ಎನ್ನುವುದು ಕೇಳಿಸುತ್ತಿದೆ. ಕಾಗದ ಮಂಚದ ಮೇಲೇ ಇದೆ. ಬಟ್ಟೆ ಮಡಿಸಿ ಮುಗಿಸಿದೆ.

ನಾಳೆ ಏಳನೇ ತಾರೀಖು, ಮೆಶ್ ಒಪ್ಪಿಸುವ ದಿನ. ಎಲ್ಲರಿಗಿಂತ ಮೊದಲು ಹೋಗಬೇಕು. ನಿನ್ನೆ ಶನಿವಾರ, ಇವತ್ತು ಭಾನುವಾರ. ಎರಡು ದಿನದಿಂದ ಇವರು ಆಫೀಸಿನ ಆ ಕೋಣೆಯಲ್ಲಿ ಒಬ್ಬರೇ ಇದ್ದಾರೆ.